ಹಸಿಕಾಯಿ ಕೇಕು, ಮೇಲೆ ನಿಂಬೆ ಪಾಕ

ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳ ಗಾಜಿನ ಕಪಾಟಿನಲ್ಲಿ ಹನಿ ಕೇಕು ಇಲ್ಲದ ದಿನ ಕಡಿಮೆ. ಸ್ಪಂಜಿಗೆ ಪಾಕ, ಅದರ ಮೇಲೆ ಕೆಂಪು ಜಾಮು, ಜಾಮಿನ ಮೇಲೆ ಕೊಬ್ಬರಿ ಪುಡಿ. ಕೇಕಿಗೆ ಪಾಕ ಕುಡಿಸುವುದಾಗಲಿ ಕಾಯಿ ಸೇರಿಸುವುದಾಗಲಿ ನಮಗೆ ಹೊಸದೇನಲ್ಲ. ಆದರೆ ಹನಿ ಕೇಕಿನಲ್ಲಿ ಕೊಬ್ಬರಿ ಬರೀ ಮೇಲಿನ ಸಿಂಗಾರ. ಹುಳಿಯಂತೂ ಸುಳಿಯುವುದೇ ಇಲ್ಲ. ಇಲ್ಲಿ ಹೇಳಹೊರಟಿರುವ ಕೇಕಿನಲ್ಲಿ ಕಾಯಿ ಹಿಟ್ಟಿನೊಳಗೇ ಇದೆ, ತೂಕದಲ್ಲಿ ಮೈದಾವನ್ನೂ ಮೀರಿಸುವಷ್ಟು. ಪಾಕಕ್ಕೆ ನಿಂಬೆಯ ರಸವೂ ಬೇಕು, ಸಿಪ್ಪೆಯ ಘಮವೂ ಬೇಕು.

ಇದರ ನೆಂಟರು ಬೇರೆ ಕಡೆಯೂ ಇದ್ದಾರೆ. ಈಜಿಪ್ಟಿನ ಬಸ್ಬೂಸ, ತುರ್ಕಿ ಮತ್ತು ಗ್ರೀಸಿನ ರೆವಾನಿ ಎರಡೂ ರವೆಯ ಕೇಕುಗಳು. ಬೇಯಿಸಿದ ಮೇಲೆ ಪಾಕ ಸುರಿಯುತ್ತಾರೆ. ಬಸ್ಬೂಸದಲ್ಲಿ ಕೊಬ್ಬರಿ ಹಾಕುವವರೂ ಬಹಳ. ದುಬೈ, ಮಸ್ಕತ್ ಕಡೆ ಇರುವ ನಮ್ಮವರು ಅಲ್ಲಿನ ಮಿಠಾಯಿ ಅಂಗಡಿಗಳಲ್ಲಿ ಇದನ್ನು ತಿಂದೇ ಇರುತ್ತಾರೆ. ಇತ್ತ ಗೋವಾದ ಕ್ರೈಸ್ತರ ಮನೆಗಳಲ್ಲಿ ಕ್ರಿಸ್‌ಮಸ್ಸಿಗೆ ಮಾಡುವ ಬಾತ್ ಇದೆ: ರವೆ, ತೆಂಗಿನಕಾಯಿ, ಮೊಟ್ಟೆ. ಅದಕ್ಕೆ ಪಾಕವಿಲ್ಲ. ಬಾತಿನಿಂದ ಹಸಿಕಾಯಿ, ಬಸ್ಬೂಸದಿಂದ ಪಾಕ ತೆಗೆದುಕೊಂಡರೆ ಹೆಚ್ಚುಕಡಿಮೆ ನಮ್ಮ ಕೇಕು ಸಿಕ್ಕಂತೆ.

ಹೆಚ್ಚುಕಡಿಮೆ ಅಂದದ್ದಕ್ಕೆ ಕಾರಣವಿದೆ. ತೆಂಗಿನಕಾಯಿ ಕೇಕಿನ ಇಂಗ್ಲಿಷ್ ಪಾಕವಿಧಾನಗಳೆಲ್ಲ ಬಹುಮಟ್ಟಿಗೆ ಪೊಟ್ಟಣದ ಡೆಸಿಕೇಟೆಡ್ ಕೊಬ್ಬರಿಗಾಗಿ ಬರೆದವು. ಅದರಲ್ಲಿ ನೀರಿನಂಶ ನೂರಕ್ಕೆ ಮೂರರಷ್ಟಿದ್ದರೆ ಹೆಚ್ಚು. ಆಗಷ್ಟೇ ತುರಿದ ಹಸಿಕಾಯಿಯಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ನೀರೇ. ಆ ವಿಧಾನದಲ್ಲಿ ‘180 ಗ್ರಾಂ ಕೊಬ್ಬರಿ’ ಎಂದಿರುವ ಕಡೆ 180 ಗ್ರಾಂ ಹಸಿತುರಿ ಹಾಕಿದರೆ ಅರ್ಧ ಲೋಟ ನೀರನ್ನು ಕೇಳದೇ ಸುರಿದಂತಾಗುತ್ತದೆ. ಮೇಲೆ ಪಾಕವೂ ಬೀಳಬೇಕು. ಕೊನೆಗೆ ತಟ್ಟೆಗೆ ಬರುವುದು ಕೇಕಲ್ಲ, ತಣ್ಣಗಾದ ಸಜ್ಜಿಗೆ. ಆದ್ದರಿಂದ ಈ ಕೆಲಸದಲ್ಲಿ ಗಮನವೆಲ್ಲ ಒಂದೇ ಕಡೆ ಇರಬೇಕು: ನೀರು ಎಲ್ಲಿಂದ ಬರುತ್ತಿದೆ, ಎಷ್ಟು ಬರುತ್ತಿದೆ. ಕೇಕನ್ನು ಸ್ವಲ್ಪ ಒಣಗಿದಂತೆಯೇ ಬೇಯಿಸಬೇಕು, ಆಗ ಪಾಕಕ್ಕೆ ಜಾಗ ಉಳಿಯುತ್ತದೆ.

ಕಾಯಿ

ಬಲಿತ ಕಾಯಿ ಬೇಕು. ಅಲ್ಲಾಡಿಸಿದರೆ ನೀರು ಕುಲುಕಬೇಕು, ಕಣ್ಣಿನ ಸುತ್ತ ಬೂಷ್ಟು ಇರಬಾರದು. ಎಳೆಗಾಯಿಯ ತುರಿಯಲ್ಲಿ ನೀರು ಜಾಸ್ತಿ, ಸತ್ವ ಕಡಿಮೆ. ಒಡೆದ ಮೇಲೆ ಒಂದು ಚೂರು ಬಾಯಿಗೆ ಹಾಕಿಕೊಂಡು ನೋಡಿ. ಲೇಶ ಕಮಟಿದ್ದರೂ ಅದನ್ನು ಬಿಡಿ. ಚಟ್ನಿಯಲ್ಲಿ ಮೆಣಸಿನಕಾಯಿ, ಒಗ್ಗರಣೆಗಳ ನಡುವೆ ಮುಚ್ಚಿಹೋಗುವ ಕಮಟು ಕೇಕಿನಲ್ಲಿ ಮುಚ್ಚುವುದಿಲ್ಲ, ಬಿಸಿಗೆ ಇನ್ನಷ್ಟು ಎದ್ದು ಕಾಣುತ್ತದೆ.

ತುರಿಯುವಾಗ ಕಂದು ಸಿಪ್ಪೆ ಕಾಣತೊಡಗಿದ ಕೂಡಲೇ ನಿಲ್ಲಿಸಿ. ಉಳಿದದ್ದು ಸಾರಿಗೆ, ಪಲ್ಯಕ್ಕೆ ಆಗುತ್ತದೆ. ಈಳಿಗೆಮಣೆಯಲ್ಲಿ ತುರಿದದ್ದು ಎಳೆಎಳೆಯಾಗಿ ಬರುತ್ತದೆ. ಅದನ್ನು ಮಿಕ್ಸಿಯ ಚಿಕ್ಕ ಜಾರಿನಲ್ಲಿ ಎರಡು ಮೂರು ಸಲ ಗುರ್ರ್ ಅನ್ನಿಸಿ ಬಿಟ್ಟರೆ ಸಮನಾಗುತ್ತದೆ. ಅದಕ್ಕಿಂತ ಹೆಚ್ಚು ತಿರುಗಿಸಿದರೆ ಹಾಲು ಬಿಟ್ಟು ಮುದ್ದೆಯಾಗುತ್ತದೆ. ಹಾಲು ಹಿಂಡಿ ಉಳಿದ ಚರಟವನ್ನು ಬಳಸಬಹುದೇ ಎಂದು ಕೇಳುವವರಿದ್ದಾರೆ. ಬಳಸಬಹುದು, ಆದರೆ ರುಚಿ ಹಾಲಿನ ಜೊತೆಗೇ ಹೋಗಿರುತ್ತದೆ, ಹೊಟ್ಟು ತಿಂದಂತಿರುತ್ತದೆ.

ಇನ್ನು ತಪ್ಪಿಸಬಾರದ ಕೆಲಸ. 200 ಗ್ರಾಂ ತುರಿಯನ್ನು ದಪ್ಪ ತಳದ ಬಾಣಲೆಗೆ ಹಾಕಿ, ತುಪ್ಪವಿಲ್ಲದೆ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಆರೇಳು ನಿಮಿಷ ಬೆಚ್ಚಗೆ ಮಾಡಿ. ಬಣ್ಣ ಬದಲಾಗಬಾರದು. ಮೊದಲು ಹಬೆ ಏಳುತ್ತದೆ, ಆಮೇಲೆ ಹಬೆ ಕಡಿಮೆಯಾಗಿ ತುರಿ ಉದುರುದುರಾಗುತ್ತದೆ, ಸೌಟಿಗೆ ಅಂಟುವುದು ನಿಲ್ಲುತ್ತದೆ. ಇಳಿಸಿ ತೂಗಿದರೆ 150 ಗ್ರಾಂ ಆಸುಪಾಸು ಬರಬೇಕು. 170 ಬಂದರೆ ಇನ್ನೆರಡು ನಿಮಿಷ ಒಲೆಯ ಮೇಲಿಡಿ. ಅಗಲ ತಟ್ಟೆಗೆ ಹರಡಿ ಪೂರ್ತಿ ಆರಲು ಬಿಡಿ. ಬಿಸಿ ತುರಿ ಬಿದ್ದರೆ ಬೆಣ್ಣೆ ಕರಗಿ, ಅಲ್ಲಿಯವರೆಗೆ ತಿರುವಿ ತುಂಬಿದ ಗಾಳಿಯೆಲ್ಲ ಹೋಗಿಬಿಡುತ್ತದೆ.

ತಿಪಟೂರು ಕಡೆಯ ಉಂಡೆ ಕೊಬ್ಬರಿ ಮನೆಯಲ್ಲಿದ್ದರೆ ತುರಿಯ ಮೂರನೇ ಒಂದು ಪಾಲಿನವರೆಗೆ ಅದನ್ನು ಸೇರಿಸಿಕೊಳ್ಳಬಹುದು. ನೀರಿಲ್ಲ, ಎಣ್ಣೆ ಹೇರಳ, ಘಮ ಗಾಢ. ಪೂರ್ತಿ ಅದರಲ್ಲೇ ಮಾಡಿದರೆ ಕೇಕು ಜಿಡ್ಡಾಗಿ, ಗಂಟಲಿಗೆ ಹಿಡಿಯುತ್ತದೆ. ಪೊಟ್ಟಣದ ಡೆಸಿಕೇಟೆಡ್ ಕೊಬ್ಬರಿಯೇ ಸಿಗುವುದು ಎನ್ನುವ ಊರಿನಲ್ಲಿದ್ದರೆ 100 ಗ್ರಾಂ ತೆಗೆದುಕೊಂಡು 50 ಮಿಲಿ ಬೆಚ್ಚನೆಯ ಹಾಲು ಚಿಮುಕಿಸಿ ಅರ್ಧ ಗಂಟೆ ಮುಚ್ಚಿಡಿ. ಸಕ್ಕರೆ ಬೆರೆಸಿದ ಪೊಟ್ಟಣಗಳೂ ಮಾರುಕಟ್ಟೆಯಲ್ಲಿವೆ, ಹಿಂಬದಿ ಓದಿ ಕೊಳ್ಳಿ.

ಹಣ್ಣು

ಇಲ್ಲಿಯೂ ಹೊರಗಿನ ಅಳತೆ ಹಾಗೇ ಒಗ್ಗುವುದಿಲ್ಲ. ಯುರೋಪು, ಅಮೆರಿಕದ ದಪ್ಪ ಸಿಪ್ಪೆಯ ಹಳದಿ ಹಣ್ಣು ಒಂದು ಹಿಂಡಿದರೆ ಮೂರು ಚಮಚದಷ್ಟು ರಸ. ನಮ್ಮ ತೆಳುಸಿಪ್ಪೆಯ ನಿಂಬೆ ಅದರ ಅರ್ಧವೂ ಇಲ್ಲ, ಹುಳಿ ಮಾತ್ರ ಜೋರು. ಇದಕ್ಕೆ ಎರಡೂವರೆಯಿಂದ ಮೂರು ನಿಂಬೆಹಣ್ಣು ಬೇಕು. ವಿಜಯಪುರ ಜಿಲ್ಲೆಯ ಇಂಡಿ ಕಡೆಯ ನಿಂಬೆ ಸಿಕ್ಕರೆ ಬಹಳ ಒಳ್ಳೆಯದು, ರಸ ತುಂಬಿಕೊಂಡಿರುತ್ತದೆ. ಪೂರ್ತಿ ಹಳದಿಯಾದದ್ದಕ್ಕಿಂತ ಇನ್ನೂ ಹಸಿರು ಛಾಯೆ ಉಳಿದಿರುವ ಗಟ್ಟಿ ಕಾಯಿಯ ಸಿಪ್ಪೆಯಲ್ಲಿ ಘಮ ಹೆಚ್ಚು. ರಸಕ್ಕೆ ಹಣ್ಣಾದದ್ದು, ಸಿಪ್ಪೆಗೆ ದೋರೆಗಾಯಿ ಎಂದು ಎರಡು ತರಹ ಆರಿಸಿಕೊಂಡರೆ ಇನ್ನೂ ಚೆನ್ನ.

ಘಮ ಇರುವುದು ಸಿಪ್ಪೆಯ ಮೇಲ್ಪದರದ ಸಣ್ಣ ಸಣ್ಣ ಎಣ್ಣೆಯ ಗುಳ್ಳೆಗಳಲ್ಲಿ. ಅದರ ಕೆಳಗಿನ ಬಿಳಿ ಭಾಗ ಕಹಿ. ನಮ್ಮ ನಿಂಬೆಯ ಸಿಪ್ಪೆ ಎಷ್ಟು ತೆಳುವೆಂದರೆ ಸಣ್ಣ ತೂತಿನ ತುರಿಯುವ ಪಟ್ಟಿಯ ಮೇಲೆ ಒಂದೇ ಸಲ ಹಗುರವಾಗಿ ಎಳೆದು ಹಣ್ಣು ತಿರುಗಿಸಬೇಕು. ಎರಡನೇ ಎಳೆತಕ್ಕೆ ಬಿಳಿ ಬಂದುಬಿಡುತ್ತದೆ. ಮೊದಲು ಸಿಪ್ಪೆ ತುರಿದು ಆಮೇಲೆ ಹಣ್ಣು ಕತ್ತರಿಸಿ. ಹಿಂಡಿದ ಹೋಳಿನ ಸಿಪ್ಪೆ ತುರಿಯುವುದು ಆಗದ ಕೆಲಸ. ತುರಿಯುವ ಮುಂಚೆ ಹಣ್ಣನ್ನು ಬೆಚ್ಚನೆಯ ನೀರಿನಲ್ಲಿ ಚೆನ್ನಾಗಿ ಉಜ್ಜಿ ತೊಳೆದು ಒರೆಸಿ. ಅಂಗಡಿಯ ಮಿರಮಿರ ಹೊಳೆಯುವ ಕಿತ್ತಳೆಗಂತೂ ಇದು ಕಡ್ಡಾಯ, ಅವುಗಳ ಮೇಲೆ ಮೇಣ ಬಳಿದಿರುತ್ತದೆ.

ಹಳೇ ಮೈಸೂರು ಕಡೆಯವರಿಗೆ ಚಿತ್ರಾನ್ನದ ಹೇರಳೆಕಾಯಿ ಗೊತ್ತೇ ಇದೆ. ಅದರ ದಪ್ಪ, ಉಬ್ಬುತಗ್ಗಿನ ಸಿಪ್ಪೆಯ ಮೇಲ್ಪದರ ಈ ಕೇಕಿಗೆ ಹೇಳಿ ಮಾಡಿಸಿದ್ದು. ಒಂದು ಕಾಯಿಯ ಅರ್ಧ ಸಾಕು. ರಸಕ್ಕೆ ಮಾತ್ರ ನಿಂಬೆಯೇ ಇರಲಿ. ದೇವನಹಳ್ಳಿಯ ಚಕ್ಕೋತದ ಸಿಪ್ಪೆಯೂ ಘಮಘಮ, ಆದರೆ ಅದರ ಕಹಿ ಕೊಂಚ ಜಾಸ್ತಿ, ಇಷ್ಟಪಡುವವರು ಇಷ್ಟಪಡುತ್ತಾರೆ. ಕೊಡಗಿನ ಕಿತ್ತಳೆ ಸಿಕ್ಕ ದಿನ ನಿಂಬೆಯ ಜೊತೆ ಅದನ್ನೂ ಸೇರಿಸಿ. ಸಿಪ್ಪೆ ಸಡಿಲವಾಗಿರುವುದರಿಂದ ತುರಿಯುವಾಗ ಜಾರುತ್ತದೆ, ಹಣ್ಣನ್ನು ಅಂಗೈಯಲ್ಲಿ ಬಿಗಿಯಾಗಿ ಹಿಡಿದು ಪಟ್ಟಿಯನ್ನೇ ಅದರ ಮೇಲೆ ಆಡಿಸುವುದು ಸುಲಭ.

ಮೂಸಂಬಿ ಬೇಡ. ಹಿಂಡಿಟ್ಟ ಮೂಸಂಬಿ ರಸ ಸ್ವಲ್ಪ ಹೊತ್ತಿಗೆ ಕಹಿಯಾಗುವುದನ್ನು ಎಲ್ಲರೂ ಕಂಡಿದ್ದೇವೆ. ರಸದಲ್ಲಿ ಲಿಮೊನಿನ್ ಎಂಬ ಕಹಿ ಪದಾರ್ಥ ನಿಧಾನವಾಗಿ ರೂಪುಗೊಳ್ಳುವುದೇ ಅದಕ್ಕೆ ಕಾರಣ, ಬಿಸಿ ಮಾಡಿದರೆ ಅದು ಇನ್ನೂ ಬೇಗ. ಪಾಕಕ್ಕೆ ಹಾಕಿ ಮಾರನೆಯ ದಿನ ತಿಂದರೆ ನಾಲಗೆಯ ಹಿಂಭಾಗದಲ್ಲಿ ಬೇವಿನ ನೆನಪು ಬರುತ್ತದೆ.

ಅಳತೆ

ಎಂಟು ಇಂಚಿನ, ಅಂದರೆ 20 ಸೆಂಟಿಮೀಟರ್ ಅಗಲದ ದುಂಡು ತಟ್ಟೆಗೆ. ಎರಡು ಇಂಚಾದರೂ ಎತ್ತರವಿರಲಿ.

ಕೇಕಿಗೆ:
ಬೆಣ್ಣೆ 125 ಗ್ರಾಂ
ಸಕ್ಕರೆ 180 ಗ್ರಾಂ, ಮಿಕ್ಸಿಯಲ್ಲಿ ಪುಡಿ ಮಾಡಿದ್ದು
ಮೊಟ್ಟೆ 4
ಮೈದಾ 100 ಗ್ರಾಂ
ಚಿರೋಟಿ ರವೆ 75 ಗ್ರಾಂ
ಬೇಕಿಂಗ್ ಪೌಡರ್ ಒಂದೂವರೆ ಟೀ ಚಮಚ
ಬೆಚ್ಚಗೆ ಮಾಡಿ ಆರಿಸಿದ ಕಾಯಿತುರಿ 150 ಗ್ರಾಂ
ಎರಡು ನಿಂಬೆಯ ಸಿಪ್ಪೆ ತುರಿ
ಚಿಟಿಕೆ ಉಪ್ಪು

ಪಾಕಕ್ಕೆ:
ಸಕ್ಕರೆ 150 ಗ್ರಾಂ
ನೀರು 120 ಮಿಲಿ
ನಿಂಬೆರಸ 3 ದೊಡ್ಡ ಚಮಚ, ಅಂದರೆ 45 ಮಿಲಿ
ಒಂದು ಹಣ್ಣಿನ ಸಿಪ್ಪೆಯ ಉದ್ದುದ್ದ ಎಳೆಗಳು

ದಯವಿಟ್ಟು ತೂಗಿ. ಕಪ್ಪಿನ ಲೆಕ್ಕದಲ್ಲಿ ಕಾಯಿತುರಿಯನ್ನು ಅಳೆಯುವುದಕ್ಕೆ ಅರ್ಥವಿಲ್ಲ. ಒತ್ತಿ ತುಂಬಿದರೆ ಒಂದು, ಉದುರಾಗಿ ತುಂಬಿದರೆ ಇನ್ನೊಂದು.

ಅಂಗಡಿಯ ಟೇಬಲ್ ಬೆಣ್ಣೆಗೆ ಉಪ್ಪು ಸೇರಿಸಿರುತ್ತಾರೆ. ಅದನ್ನು ಬಳಸಿದರೆ ಬೇರೆ ಉಪ್ಪು ಬೇಡ. ಮನೆಯಲ್ಲಿ ಕಡೆದ ಬೆಣ್ಣೆಯಲ್ಲಿ ನೀರು, ಮಜ್ಜಿಗೆಯ ಅಂಶ ಎಷ್ಟಿದೆ ಎಂದು ಹೇಳಲಾಗುವುದಿಲ್ಲ. ತಣ್ಣೀರಿನಲ್ಲಿ ತೊಳೆದು ಚೆನ್ನಾಗಿ ಅದುಮಿ ನೀರು ತೆಗೆದು ಬಳಸಿ. ಬೆಣ್ಣೆಯಲ್ಲಿ ನೂರಕ್ಕೆ ಸುಮಾರು 80 ಪಾಲು ಮಾತ್ರ ಕೊಬ್ಬು, ತುಪ್ಪದಲ್ಲಿ ಹೆಚ್ಚುಕಡಿಮೆ ಪೂರ್ತಿ. ಹಾಗಾಗಿ ತುಪ್ಪವಾದರೆ 100 ಗ್ರಾಂ ಸಾಕು. ಕರಗಿದ್ದಲ್ಲ, ಹರಳುಗಟ್ಟಿ ಹೆಪ್ಪಾಗಿರುವ ತುಪ್ಪ. ಘಮ ಕಾಯಿ ಹೋಳಿಗೆಯ ಕಡೆ ವಾಲುತ್ತದೆ. ಅದೇನೂ ದೋಷವಲ್ಲ, ಆದರೆ ನಿಂಬೆ ಸ್ವಲ್ಪ ಹಿಂದೆ ಸರಿಯುತ್ತದೆ.

ರವೆ ಯಾಕೆ ಎಂದರೆ, ಬರೀ ಮೈದಾದ ಕೇಕಿಗೆ ಪಾಕ ಹಾಕಿದಾಗ ಅದು ಒಂದು ಹಂತದ ಮೇಲೆ ಅಂಟಂಟಾಗುತ್ತದೆ. ರವೆಯ ಕಾಳು ಪಾಕ ಹೀರಿ ಉಬ್ಬಿಯೂ ಬಿಡಿಬಿಡಿಯಾಗಿಯೇ ಉಳಿಯುತ್ತದೆ. ಚಿರೋಟಿ ರವೆ ಸಿಗದಿದ್ದರೆ ಉಪ್ಪಿಟ್ಟಿನ ರವೆಯನ್ನು ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿಕೊಳ್ಳಿ. ಬನ್ಸಿ ರವೆ ಇದಕ್ಕೆ ತೀರಾ ದಪ್ಪ.

ಹಿಟ್ಟು ಕಲಸುವುದು

ಓವನ್ನನ್ನು 170 ಡಿಗ್ರಿಗೆ ಇಟ್ಟು, ಮೇಲೆ ಕೆಳಗೆ ಎರಡೂ ಕಡ್ಡಿ ಉರಿಯುವಂತೆ ಮಾಡಿ ಹದಿನೈದು ನಿಮಿಷ ಬಿಸಿಯಾಗಲು ಬಿಡಿ. ತಟ್ಟೆಯ ತಳಕ್ಕೂ ಬದಿಗೂ ಬೆಣ್ಣೆ ಸವರಿ ಬಟರ್ ಪೇಪರ್ ಹಾಸಿ. ಬದಿಯ ಕಾಗದ ತಟ್ಟೆಗಿಂತ ಒಂದು ಬೆರಳು ಎತ್ತರ ಇರಲಿ. ಆಮೇಲೆ ಪಾಕ ಹಾಕುವಾಗ ಇದೇ ಕಟ್ಟೆಯಾಗುತ್ತದೆ.

ಸಕ್ಕರೆ ಪುಡಿಗೆ ನಿಂಬೆಸಿಪ್ಪೆ ತುರಿ ಹಾಕಿ ಬೆರಳ ತುದಿಯಲ್ಲಿ ಉಜ್ಜಿ. ಒಂದೆರಡು ನಿಮಿಷದಲ್ಲಿ ಸಕ್ಕರೆ ತುಸು ಒದ್ದೆಯಾಗಿ, ತಿಳಿಹಸಿರಾಗಿ, ಅಡುಗೆಮನೆಯಾಚೆಗೂ ಘಮ ಹೋಗುತ್ತದೆ. ತುರಿಯನ್ನು ಸುಮ್ಮನೆ ಹಿಟ್ಟಿಗೆ ಉದುರಿಸುವುದಕ್ಕೂ ಇದಕ್ಕೂ ಬಹಳ ಅಂತರ: ಸಕ್ಕರೆಯ ಹರಳು ಎಣ್ಣೆಯ ಗುಳ್ಳೆಗಳನ್ನು ಒಡೆದು ಘಮವನ್ನು ತನ್ನಲ್ಲಿ ಹಿಡಿದುಕೊಳ್ಳುತ್ತದೆ.

ಬೆಣ್ಣೆ ಬೆರಳಿಟ್ಟರೆ ಕುಳಿ ಬೀಳುವಷ್ಟು ಮೆತ್ತಗಿರಬೇಕು, ಕರಗಿರಬಾರದು. ಬೆಂಗಳೂರು, ಮೈಸೂರಿನ ಹವೆಯಲ್ಲಿ ಒಂದು ಗಂಟೆ ಹೊರಗಿಟ್ಟರೆ ಸರಿಹೋಗುತ್ತದೆ. ಏಪ್ರಿಲ್-ಮೇ ತಿಂಗಳ ಮಂಗಳೂರು, ಕಲಬುರಗಿಯಲ್ಲಿ ಹತ್ತು ನಿಮಿಷವೇ ಹೆಚ್ಚು. ಬೆಣ್ಣೆಗೆ ಘಮದ ಸಕ್ಕರೆ ಸೇರಿಸಿ ಎಲೆಕ್ಟ್ರಿಕ್ ಬೀಟರಿನಲ್ಲಿ ನಾಲ್ಕೈದು ನಿಮಿಷ, ಮರದ ಸೌಟಿನಲ್ಲಾದರೆ ಕೈ ಸೋಲುವವರೆಗೆ, ಬೆಳ್ಳಗೆ ಹಗುರಾಗುವಂತೆ ತಿರುವಿ. ಮೊಟ್ಟೆಗಳು ಫ್ರಿಜ್ಜಿನಿಂದ ನೇರ ಬಂದಿರಬಾರದು. ಒಂದೊಂದಾಗಿ ಒಡೆದು ಹಾಕುತ್ತಾ, ಪ್ರತಿಸಲವೂ ಪೂರ್ತಿ ಬೆರೆಯುವಂತೆ ತಿರುವಿ. ಮೂರನೆಯದಕ್ಕೋ ನಾಲ್ಕನೆಯದಕ್ಕೋ ಮಿಶ್ರಣ ಒಡೆದ ಹಾಲಿನ ಹಾಗೆ ಕಂಡರೆ ಒಂದು ಚಮಚ ಮೈದಾ ಹಾಕಿ ತಿರುವಿದರೆ ಕೂಡಿಕೊಳ್ಳುತ್ತದೆ.

ಮೈದಾ, ರವೆ, ಬೇಕಿಂಗ್ ಪೌಡರ್, ಉಪ್ಪನ್ನು ಮೊದಲೇ ಒಟ್ಟಿಗೆ ಬೆರೆಸಿ ಜರಡಿ ಹಿಡಿದಿಟ್ಟುಕೊಳ್ಳಿ. ಇಲ್ಲಿಂದ ಮುಂದೆ ಬೀಟರ್ ಬೇಡ. ಅರ್ಧ ಹಿಟ್ಟು, ಪೂರ್ತಿ ಕಾಯಿತುರಿ, ಉಳಿದರ್ಧ ಹಿಟ್ಟು, ಈ ಕ್ರಮದಲ್ಲಿ ಹಾಕಿ ಸೌಟನ್ನು ತಳದಿಂದ ಮೇಲಕ್ಕೆ ಮಗುಚುತ್ತಾ ಬೆರೆಸಿ. ಒಣ ಹಿಟ್ಟು ಕಾಣದಾದರೆ ಸಾಕು. ಹಿಟ್ಟು ಇಡ್ಲಿ ಹಿಟ್ಟಿಗಿಂತ ಗಟ್ಟಿ ಇರುತ್ತದೆ. ಸೌಟು ಎತ್ತಿದರೆ ಮುದ್ದೆಯಾಗಿ ತಡೆದು, ಆಮೇಲೆ ಧೊಪ್ ಎಂದು ಬೀಳಬೇಕು. ಬೀಳದೆ ಅಂಟಿಕೊಂಡೇ ಇದ್ದರೆ ಮಾತ್ರ ಒಂದೆರಡು ಚಮಚ ಹಾಲು. ಅಭ್ಯಾಸಬಲದಿಂದ ಹಾಲಿನ ಲೋಟ ಕೈಗೆತ್ತಿಕೊಳ್ಳಬೇಡಿ.

ತಟ್ಟೆಗೆ ಹಾಕಿ ಮೇಲ್ಮೈ ಸಮ ಮಾಡಿ. ನಡುವೆ ಕೊಂಚ ತಗ್ಗು ಮಾಡಿದರೆ ಗುಡ್ಡದಂತೆ ಉಬ್ಬದೆ ಚಪ್ಪಟೆಯಾಗಿ ಏಳುತ್ತದೆ. ಗುಡ್ಡೆಯಾದ ಕೇಕಿನಲ್ಲಿ ಪಾಕ ಬದಿಗೆ ಹರಿದು ನಡು ಒಣಗುಳಿಯುತ್ತದೆ.

ಬೇಯಿಸುವುದು

ಓವನ್ನಿನ ಕೆಳಗಿನ ಹಂತದಲ್ಲಿ ತಟ್ಟೆಯಿಟ್ಟು 45ರಿಂದ 50 ನಿಮಿಷ. ಮೊದಲ ಅರ್ಧ ಗಂಟೆ ಬಾಗಿಲು ತೆರೆಯಬೇಡಿ. ನಮ್ಮ ಮನೆಗಳ ಸಣ್ಣ ಓಟಿಜಿಗಳಲ್ಲಿ ಮೇಲಿನ ಕಡ್ಡಿ ಕೇಕಿಗೆ ತೀರಾ ಹತ್ತಿರ. ಕಾಯಿ, ಸಕ್ಕರೆ ಎರಡೂ ಬೇಗ ಕೆಂಪಾಗುವ ಸ್ವಭಾವದವು. ಅರ್ಧ ಗಂಟೆಗೆ ಬಣ್ಣ ಬಂದುಬಿಟ್ಟಿದ್ದರೆ ಮೇಲೆ ಅಲ್ಯೂಮಿನಿಯಂ ಹಾಳೆಯನ್ನು ಸಡಿಲವಾಗಿ ಹೊದಿಸಿ ಮುಂದುವರಿಸಿ.

ನಡುವೆ ಚುಚ್ಚಿದ ಕಡ್ಡಿ ಒಣಗಿ ಬರಬೇಕು. ಬೇರೆ ಕೇಕುಗಳಿಗೆ ‘ಒಂದೆರಡು ಒದ್ದೆ ತುಣುಕು ಅಂಟಿದರೂ ಅಡ್ಡಿಯಿಲ್ಲ’ ಎನ್ನುತ್ತಾರಲ್ಲ, ಅದು ಇಲ್ಲಿ ಸಲ್ಲದು. ಒದ್ದೆಯಿದ್ದರೆ ಐದು ನಿಮಿಷ ಹೆಚ್ಚು ಬೇಯಿಸಿ. ಬದಿ ಕಾಗದದಿಂದ ತುಸು ಬಿಟ್ಟುಕೊಂಡಿರಬೇಕು, ಮೇಲೆ ಬೆರಳೊತ್ತಿದರೆ ಮತ್ತೆ ಎದ್ದುಬರಬೇಕು.

ಓವನ್ ಇಲ್ಲದವರು ಭಾರೀ ತಳದ ದೊಡ್ಡ ಪಾತ್ರೆಯನ್ನು ಬಳಸಿ. ತಳಕ್ಕೆ ಎರಡು ಸೆಂಟಿಮೀಟರ್ ಕಲ್ಲುಪ್ಪು ಹರವಿ, ಅದರ ಮೇಲೊಂದು ಸ್ಟ್ಯಾಂಡು ಇಟ್ಟು, ಮುಚ್ಚಿ ನಡು ಉರಿಯಲ್ಲಿ ಹತ್ತು ನಿಮಿಷ ಕಾಯಿಸಿ. ಕೇಕಿನ ತಟ್ಟೆ ಇಟ್ಟ ಮೇಲೆ ಉರಿ ಸಣ್ಣದು ಮಾಡಿ 55ರಿಂದ 65 ನಿಮಿಷ. ಮುಚ್ಚಳದ ಒಳಗೆ ಕೂಡುವ ನೀರಹನಿ ಕೇಕಿನ ಮೇಲೆ ಬೀಳದಿರಲು ಮುಚ್ಚಳಕ್ಕೆ ದಪ್ಪ ಬಟ್ಟೆ ಸುತ್ತಿ, ತುದಿಗಳನ್ನು ಮೇಲಕ್ಕೆ ಕಟ್ಟಿ. ಜೋತುಬಿದ್ದ ಬಟ್ಟೆ ಉರಿಗೆ ತಾಗಿದರೆ ಅಪಾಯ. ಕುಕ್ಕರಿನಲ್ಲೇ ಮಾಡುವವರು ರಬ್ಬರು, ವೆಯ್ಟು ಎರಡನ್ನೂ ತೆಗೆದಿಡಬೇಕು. ಒಣ ಬಿಸಿ ಕುಕ್ಕರಿಗೆ ಒಳ್ಳೆಯದಲ್ಲ, ಹಳೆಯದೊಂದಿದ್ದರೆ ಅದನ್ನು ಬಳಸಿ. ಈ ವಿಧಾನದಲ್ಲಿ ಮೇಲ್ಭಾಗ ಬೆಳ್ಳಗೇ ಇರುತ್ತದೆ. ರುಚಿಗೇನೂ ಕೊರತೆಯಿಲ್ಲ, ಬೇಕಿದ್ದರೆ ಕೆಂಪಗೆ ಹುರಿದ ಕಾಯಿತುರಿಯನ್ನು ಕೊನೆಗೆ ಮೇಲೆ ಉದುರಿಸಿದರೆ ಕಣ್ಣಿಗೂ ಸಮಾಧಾನ.

ಪಾಕ

ಕೇಕು ಒಳಗೆ ಬೇಯುತ್ತಿರುವಾಗಲೇ ಇದನ್ನು ಮಾಡಿಟ್ಟುಕೊಳ್ಳಿ, ಆರುವುದಕ್ಕೆ ಹೊತ್ತು ಬೇಕು. ಸಕ್ಕರೆ, ನೀರು, ಸಿಪ್ಪೆಯ ಎಳೆಗಳನ್ನು ಚಿಕ್ಕ ಪಾತ್ರೆಗೆ ಹಾಕಿ ಸಕ್ಕರೆ ಕರಗುವವರೆಗೆ ಕೈಯಾಡಿಸಿ. ಕುದಿ ಬಂದ ಮೇಲೆ ನಾಲ್ಕೈದು ಹನಿ ನಿಂಬೆರಸ ಬಿಟ್ಟು ನಾಲ್ಕು ನಿಮಿಷ ಕುದಿಸಿ. ಬೆರಳಿಗೆ ಅಂಟಂಟಾದರೆ ಸಾಕು, ಎಳೆ ಬರಬೇಕಿಲ್ಲ.

ನಿಂಬೆ ಎರಡು ಸಲ ಬೀಳುತ್ತದೆ, ಎರಡಕ್ಕೂ ಬೇರೆ ಬೇರೆ ಕೆಲಸ. ಕುದಿಯುವಾಗಿನ ಹನಿಗಳು ಹುಳಿಗಲ್ಲ. ಜಾಮೂನಿನ ಪಾಕಕ್ಕೆ ನಮ್ಮ ಮನೆಗಳಲ್ಲಿ ಹಾಕುತ್ತಾರಲ್ಲ, ಅದೇ. ಆಮ್ಲ ಸಕ್ಕರೆಯ ಒಂದು ಪಾಲನ್ನು ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆಯುತ್ತದೆ, ಪಾಕ ಮತ್ತೆ ಹರಳುಗಟ್ಟುವುದು ತಪ್ಪುತ್ತದೆ. ಇನ್ನುಳಿದ ರಸವನ್ನು ಒಲೆ ಆರಿಸಿ ಐದು ನಿಮಿಷ ಬಿಟ್ಟ ಮೇಲೆ ಹಾಕಬೇಕು. ಮೊದಲೇ ಎಲ್ಲವನ್ನೂ ಸುರಿದು ಕುದಿಸಿದರೆ ಹುಳಿಯೇನೋ ಉಳಿಯುತ್ತದೆ, ತಾಜಾ ಘಮ ಆವಿಯಾಗಿ ಹೋಗುತ್ತದೆ. ಬೇಯಿಸಿದ ನಿಂಬೆರಸದ ಆ ಮಂಕು ರುಚಿ ಚಿತ್ರಾನ್ನ ಮಾಡುವವರಿಗೆ ಚೆನ್ನಾಗಿ ಗೊತ್ತು.

ರಸ ಬೆರೆಸುವ ಮುಂಚೆ ಪಾಕದ ನಾಲ್ಕನೇ ಒಂದು ಪಾಲನ್ನು ಸಿಪ್ಪೆಯ ಎಳೆಗಳ ಸಮೇತ ಬೇರೆ ತೆಗೆದಿಡಿ. ಅದು ಮೇಲಿನ ಹೊಳಪಿಗೆ. ಮುಕ್ಕಾಲು ಪಾಲಿಗೆ ನಿಂಬೆರಸ ಸೋಸಿ ಬೆರೆಸಿ, ಕೈಗೆ ಬೆಚ್ಚಗಾಗುವವರೆಗೆ ಆರಲು ಬಿಡಿ. ಬೀಜ ಬಿದ್ದಿದ್ದರೆ ಮರೆಯದೆ ತೆಗೆಯಿರಿ, ಕಹಿ ಬಿಡುತ್ತದೆ.

ಕಿತ್ತಳೆಯ ಪಾಕಕ್ಕೆ ನೀರನ್ನು 80 ಮಿಲಿಗೆ ಇಳಿಸಿ, ಕೊನೆಯಲ್ಲಿ 60 ಮಿಲಿ ಕಿತ್ತಳೆ ರಸದೊಂದಿಗೆ ಒಂದು ದೊಡ್ಡ ಚಮಚ ನಿಂಬೆರಸ ಹಾಕಿ. ಬರೀ ಕಿತ್ತಳೆಯಾದರೆ ಸಿಹಿಯ ಮೇಲೆ ಸಿಹಿ ಕೂತು ಎರಡನೇ ತುಂಡಿಗೆ ಕೈ ಹೋಗುವುದಿಲ್ಲ.

ಕುಡಿಸುವುದು

ಕೇಕು ಬಿಸಿ, ಪಾಕ ಬೆಚ್ಚಗೆ ಅಥವಾ ತಣ್ಣಗೆ. ಇಲ್ಲವೇ ಕೇಕು ತಣ್ಣಗೆ, ಪಾಕ ಕುದಿಕುದಿ. ಎರಡೂ ಸುಡುಸುಡು ಇದ್ದಾಗ ಮೆತ್ತಗಿರುವ ಕೇಕು ಪಾಕದ ಭಾರಕ್ಕೆ ಕುಸಿದು ಗೊಜ್ಜಾಗುತ್ತದೆ. ಎರಡೂ ತಣ್ಣಗಿದ್ದರೆ ಮಂದವಾದ ಪಾಕ ಒಳಗಿಳಿಯದೆ ಮೇಲೆಯೇ ಕೂರುತ್ತದೆ. ನನ್ನ ಒಲವು ಮೊದಲನೆಯದರ ಕಡೆಗೆ, ಪಾಕವನ್ನು ಮತ್ತೆ ಬಿಸಿ ಮಾಡದಿರುವುದರಿಂದ ನಿಂಬೆಯ ಘಮ ಉಳಿಯುತ್ತದೆ.

ಓವನ್ನಿನಿಂದ ತೆಗೆದು ಹತ್ತು ನಿಮಿಷ ಬಿಡಿ. ತಟ್ಟೆಯಿಂದ ಬಿಡಿಸಬೇಡಿ. ಬಿದಿರುಕಡ್ಡಿಯಿಂದ ಒಂದೊಂದು ಸೆಂಟಿಮೀಟರಿಗೆ ಒಂದರಂತೆ ತಳದವರೆಗೂ ಚುಚ್ಚಿ. ಚಾಕು ಬೇಡ, ಅದು ಸೀಳು ಮಾಡುತ್ತದೆ. ಪಾಕವನ್ನು ಚಮಚದಿಂದ ಹಾಕಿ, ಅದೂ ಮೂರು ಕಂತಿನಲ್ಲಿ, ಕಂತಿನ ನಡುವೆ ಐದೈದು ನಿಮಿಷ ಬಿಟ್ಟು. ಬದಿಯ ಭಾಗ ಹೆಚ್ಚು ಒಣಗಿರುವುದರಿಂದ ಶುರು ಅಲ್ಲಿಂದ, ನಡುವಿಗೆ ಕೊನೆಯಲ್ಲಿ. ಒಟ್ಟಿಗೆ ಸುರಿದರೆ ಪಾಕವೆಲ್ಲ ತಳಕ್ಕಿಳಿದು, ಕೆಳಗೆ ಕೆಸರು, ಮೇಲೆ ಮರುಭೂಮಿ.

ಇನ್ನು ತೆಗೆದಿಟ್ಟ ಕಾಲುಭಾಗ. ಅದನ್ನು ಸಿಪ್ಪೆಯ ಎಳೆಗಳ ಸಮೇತ ಸಣ್ಣ ಉರಿಯಲ್ಲಿ ಒಂದೆಳೆ ಪಾಕಕ್ಕೆ ತನ್ನಿ. ಥರ್ಮಾಮೀಟರ್ ನೋಡುವವರಿಗೆ ಕಡಲತೀರದಲ್ಲಿ ಇದು 105 ಡಿಗ್ರಿಯ ಆಸುಪಾಸು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಅಲ್ಲಿ ನೀರು ಕುದಿಯುವುದೇ 97 ಡಿಗ್ರಿಗೆ. ಹಾಗಾಗಿ 102ಕ್ಕೇ ಅದೇ ಹದ ಬಂದಿರುತ್ತದೆ, 105ಕ್ಕೆ ಕಾದರೆ ಪಾಕ ಗಟ್ಟಿಯಾಗಿಬಿಡುತ್ತದೆ. ಒಂದು ಹನಿಯನ್ನು ತಣಿಸಿ ಹೆಬ್ಬೆರಳು ತೋರುಬೆರಳ ನಡುವೆ ಎಳೆದು ನೋಡುವುದು ಎಲ್ಲ ಊರಿಗೂ ಸಲ್ಲುತ್ತದೆ. ಇಳಿಸಿ ಅರ್ಧ ಚಮಚ ನಿಂಬೆರಸ ಬೆರೆಸಿ, ಕೇಕು ಪೂರ್ತಿ ಆರಿದ ಮೇಲೆ ಬ್ರಷ್ಷಿನಿಂದ ತೆಳುವಾಗಿ ಬಳಿಯಿರಿ. ಸಿಪ್ಪೆಯ ಎಳೆಗಳನ್ನು ಮೇಲೆ ಜೋಡಿಸಿ. ಅವು ಕಹಿ ಎನಿಸುವವರು ಮೊದಲೇ ಎಳೆಗಳನ್ನು ಎರಡು ಸಲ ಬೇರೆ ನೀರಿನಲ್ಲಿ ಕುದಿಸಿ ಚೆಲ್ಲಿ, ಆಮೇಲೆ ಪಾಕಕ್ಕೆ ಹಾಕಲಿ.

ಕತ್ತರಿಸುವ ಆತುರ ಬೇಡ. ಎರಡು ಗಂಟೆಯಾದರೂ ತಟ್ಟೆಯಲ್ಲೇ ಇರಲಿ. ಸಂಜೆ ಮಾಡಿ ಬೆಳಿಗ್ಗೆ ಕತ್ತರಿಸುವುದು ಎಲ್ಲಕ್ಕಿಂತ ಮೇಲು. ಆ ಹೊತ್ತಿನಲ್ಲಿ ಪಾಕ ತಳದಿಂದಲೂ ಬದಿಯಿಂದಲೂ ಸಮನಾಗಿ ಹರಡಿಕೊಳ್ಳುತ್ತದೆ, ರವೆ ಮೆತ್ತಗಾಗುತ್ತದೆ.

ಮೊಟ್ಟೆ ಇಲ್ಲದೆ

ಮೇಲಿನ ಅಳತೆಯಿಂದ ಮೊಟ್ಟೆಯನ್ನಷ್ಟೇ ತೆಗೆದುಹಾಕಿದರೆ ಆಗದು. ಹಿಟ್ಟಿನ ಕಟ್ಟು ಬೇರೆಯೇ ಆಗಬೇಕು, ಬಸ್ಬೂಸದ ದಾರಿ ಹಿಡಿಯಬೇಕು. ಚಿರೋಟಿ ರವೆ 200 ಗ್ರಾಂ, ಬೆಚ್ಚಗೆ ಮಾಡಿದ ಕಾಯಿತುರಿ 100 ಗ್ರಾಂ, ಸಕ್ಕರೆ 120 ಗ್ರಾಂ, ಹುಳಿಯಿಲ್ಲದ ಗಟ್ಟಿ ಮೊಸರು 200 ಗ್ರಾಂ, ಕರಗಿಸಿದ ತುಪ್ಪ 80 ಗ್ರಾಂ, ಹಾಲು 60 ಮಿಲಿ, ಸಿಪ್ಪೆ ತುರಿ. ಇಷ್ಟನ್ನೂ ಕಲಸಿ ಇಪ್ಪತ್ತು ನಿಮಿಷ ನೆನೆಯಲು ಬಿಡಿ. ಬೇಕಿಂಗ್ ಪೌಡರ್ ಒಂದು ಟೀ ಚಮಚ, ಅಡುಗೆ ಸೋಡ ಕಾಲು ಟೀ ಚಮಚವನ್ನು ಓವನ್ನಿಗೆ ಇಡುವ ಮುಂಚೆ ಮಾತ್ರ ಬೆರೆಸಿ. ಮೊಸರಿಗೆ ಸೋಡ ತಾಗಿದ ಕೂಡಲೇ ಗುಳ್ಳೆ ಏಳುವುದರಿಂದ ಆಮೇಲೆ ಹಿಟ್ಟನ್ನು ಹಾಗೇ ಬಿಟ್ಟಿರಬಾರದು. 180 ಡಿಗ್ರಿಯಲ್ಲಿ 35ರಿಂದ 40 ನಿಮಿಷ. ಎತ್ತರ ಕಡಿಮೆ, ರವೆಯ ತರಿ ಹೆಚ್ಚು, ಪಾಕವನ್ನು ಮೊಟ್ಟೆಯ ಕೇಕಿಗಿಂತ ಚೆನ್ನಾಗಿಯೇ ಕುಡಿಯುತ್ತದೆ. ಮನೆಯಲ್ಲಿ ಹಿರಿಯರು ಮೊಟ್ಟೆ ಮುಟ್ಟದವರಾದರೆ ಮನಸ್ಸು ಕುಗ್ಗಿಸಿಕೊಳ್ಳುವ ಕಾರಣವೇ ಇಲ್ಲ.

ಕೆಟ್ಟಾಗ, ಉಳಿದಾಗ

ನಡುವೆ ಕುಸಿದಿದ್ದರೆ ಬೆಂದದ್ದು ಸಾಲದು ಅಥವಾ ಬಾಗಿಲು ಬೇಗ ತೆರೆದಿದ್ದೀರಿ. ತಳದಲ್ಲಿ ಗಟ್ಟಿ ಹಲ್ವದಂಥ ಪಟ್ಟಿ ಕಂಡರೆ ಕಾಯಿಯ ನೀರು ಹೋಗಿರಲಿಲ್ಲ, ಇಲ್ಲವೇ ಪಾಕ ಒಂದೇ ಸಲ ಬಿದ್ದಿದೆ. ಮೇಲೆ ಸಕ್ಕರೆ ಬಿಳಿಬಿಳಿಯಾಗಿ ಹರಳಾದರೆ ಕುದಿಯುವಾಗ ನಿಂಬೆ ಹನಿ ಬಿಟ್ಟಿಲ್ಲ, ಅಥವಾ ಕರಗಿದ ಮೇಲೂ ಕೈಯಾಡಿಸುತ್ತಲೇ ಇದ್ದೀರಿ. ಒಣಗಿದಂತಿದ್ದರೆ ಮಾತ್ರ ಚಿಂತೆಯಿಲ್ಲ: ಎರಡು ಚಮಚ ಸಕ್ಕರೆ, ಎರಡು ಚಮಚ ನೀರು ಕುದಿಸಿ, ಸ್ವಲ್ಪ ನಿಂಬೆ ಹಿಂಡಿ, ಬಿಸಿಬಿಸಿಯಾಗಿ ತಣ್ಣನೆಯ ಕೇಕಿಗೆ ಹಾಕಿ.

ಪಾಕವಿದೆ, ಕೆಡುವುದಿಲ್ಲ ಎಂದುಕೊಳ್ಳಬೇಡಿ. ಇದು ಕೊಬ್ಬರಿ ಮಿಠಾಯಿಯಲ್ಲ, ಒಳಗೆ ಹಸಿಕಾಯಿಯಿದೆ. ಮಲೆನಾಡಿನ ಚಳಿಗಾಲದಲ್ಲಿ ಒಂದು ದಿನ ಹೊರಗಿರಬಹುದು; ಕರಾವಳಿಯ ಸೆಕೆಯಲ್ಲಿ ಅದೇ ದಿನ ಸಂಜೆಗೆ ಮುಚ್ಚಳದ ಡಬ್ಬಿಯಲ್ಲಿ ಫ್ರಿಜ್ಜಿಗೆ ಹೋಗಲಿ. ಅಲ್ಲಿ ನಾಲ್ಕು ದಿನ ಚೆನ್ನಾಗಿರುತ್ತದೆ. ತಿನ್ನುವ ಅರ್ಧ ಗಂಟೆ ಮುಂಚೆ ಹೊರಗೆ ತೆಗೆಯಿರಿ, ತಣ್ಣಗಿರುವಾಗ ಬೆಣ್ಣೆಯೂ ತೆಂಗಿನೆಣ್ಣೆಯೂ ಹೆಪ್ಪುಗಟ್ಟಿ ಕೇಕು ಬಿರುಸಾಗಿರುತ್ತದೆ. ತುಂಡುಗಳನ್ನು ಬಿಡಿಬಿಡಿಯಾಗಿ ಸುತ್ತಿ ಫ್ರೀಜರಿನಲ್ಲಿಟ್ಟರೆ ಒಂದು ತಿಂಗಳು ಬಾಳುತ್ತದೆ, ಆದರೆ ಮೇಲಿನ ಹೊಳಪಿನ ಪಾಕವನ್ನು ಆಗ ಬಳಿಯದೆ, ಹೊರತೆಗೆದ ದಿನ ಹೊಸದಾಗಿ ಕಾಸಿ ಬಳಿಯಿರಿ.